ಅಗಸಿ ತನಕ

ನಮ್ಮ ಅವ್ವ ಬೆಳಿಗ್ಗೆ ಬರಿಗಾಲಲ್ಲೇ ಅಂಗಳ ಕಸ ಹೊಡೆಯುತ್ತಿದ್ದಳು. ನೆಲದ ಯಾವ ಜಾಗ ತಂಪು, ಯಾವುದು ಬಿಸಿ, ಎಲ್ಲಿ ಹರಳು ಎದ್ದಿದೆ, ಎಲ್ಲಿ ಇರುವೆ ಗೂಡು ಕಟ್ಟಿದೆ, ಎಲ್ಲ ಅವಳ ಅಂಗಾಲಿಗೆ ಗೊತ್ತಿರುತ್ತಿತ್ತು. ಯುದ್ಧದ ಕಾಲದ ಒಂದು ಬೇಸಿಗೆ. ಯುಗಾದಿ ಮುಗಿದು ಹದಿನೈದು ದಿನ ಆಗಿರಬೇಕು. ನಾನು ಬಚ್ಚಲ ಹತ್ತಿರ ನಿಂತು ಇದ್ದಿಲು ಪುಡಿಯಿಂದ ಹಲ್ಲುಜ್ಜುತ್ತಿದ್ದೆ. ಅವ್ವ ಕಸಬರಿಗೆ ಹಿಡಿದುಕೊಂಡೇ ಒಳಗೆ ಬಂದಳು.

"ಯಪ್ಪಾ, ಅಗಸಿ ಕಡೆ ನೆಲ ತಂಪ ಹತ್ತಾಕತ್ತೈತಿ."

"ನೀರ ಹೊಡದಿರಬೇಕಲ್ಲ ಬೇ."

"ನಾ ಇನ್ನೂ ನೀರ ಮುಟ್ಟಿಲ್ಲ. ಹುಲ್ಲ ಬ್ಯಾರೆ ಹುಟ್ಟೈತಿ. ಈ ಬಿಸಲಾಗ ಹುಲ್ಲ ಹೆಂಗ ಹುಟ್ತೈತಿ, ನೀನ ಹೇಳ."

ಬಾಯಿ ಮುಕ್ಕಳಿಸಿ ಹೊರಗೆ ಹೋಗಿ ನೋಡಿದೆ. ಅಗಸಿಯ ಕಲ್ಲುಗಳ ಸಂದಿಯಲ್ಲಿ ಎಳೇ ಹುಲ್ಲು, ಬೆರಳುದ್ದ. ಮೇಲೆ ನೀರಿಲ್ಲ. ಅಂಗೈ ಊರಿದರೆ ಮಾತ್ರ ಥಂಡಿ ಹತ್ತುತ್ತಿತ್ತು. ನೆಲದ ಕೆಳಗೆ ಎಲ್ಲೋ ನಳ ಸೋರುತ್ತಿದೆ ಅನ್ನುವುದು ನನಗೆ ಅಲ್ಲೇ ತಿಳಿಯಿತು. ಯಾಕಂದರೆ ಆ ನಳದ ಕಾಗದವನ್ನು ಬರೆದವನು ನಾನೇ.

ನಮ್ಮದು ವಿಜಾಪುರದ ಜೋರಾಪುರ ಪೇಟೆಯ ಒಂದು ಓಣಿ. ಓಣಿಯ ಬಾಯಿಗೆ ಹಳೇ ಕಾಲದ ಕಲ್ಲಿನ ಅಗಸಿ. ಬಾಗಿಲು ಯಾವತ್ತೋ ಹೋಗಿ ಕಮಾನು ಮಾತ್ರ ಉಳಿದಿತ್ತು. ಕಮಾನಿನ ದಪ್ಪ ಎರಡು ಮಾರು. ಎತ್ತು ಬಿಚ್ಚಿದ ಬಂಡಿಯೊಂದು ಅದರ ನೆರಳಲ್ಲಿ ಪೂರ್ತಿ ನಿಲ್ಲುತ್ತಿತ್ತು. ಹೊರಗಡೆ ಒಂದು ಕಟ್ಟೆ, ಒಳಗಡೆ ಒಂದು ಕಟ್ಟೆ. ಮುಂದಿನ ಜಗಳವೆಲ್ಲ ಈ ಎರಡು ಮಾರಿನದು. ಅಗಸಿಯೊಳಗೆ ಬಂದರೆ ಮೊದಲನೇ ಮನೆ ನಮ್ಮದು. ಅಗಸಿಗೂ ನಮ್ಮ ಗೋಡೆಗೂ ನಡುವೆ ಹತ್ತು ಹೆಜ್ಜೆ ನೆಲ. ಆ ನೆಲದಲ್ಲಿ, ಗೋಡೆಯ ಬುಡಕ್ಕೆ, ನಮ್ಮ ಹಗೇವು.

ಹಗೇವು ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕಾಗುತ್ತದೆ. ನೆಲದೊಳಗೆ ದೊಡ್ಡ ಗಡಿಗೆಯ ಹಾಗೆ ತೋಡಿದ ಕುಣಿ. ಬಾಯಿ ಸಣ್ಣದು, ಒಬ್ಬ ಆಳು ಇಳಿಯುವಷ್ಟು. ಹೊಟ್ಟೆ ದೊಡ್ಡದು. ತಳಕ್ಕೂ ಸುತ್ತಲ ಗೋಡೆಗೂ ಒಣಗಿದ ಜೋಳದ ದಂಟು, ಹೊಟ್ಟು ದಪ್ಪಗೆ ಹಾಕಿ, ಒಳಗೆ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಇಟ್ಟು, ಅದರ ಅಂಚಿಗೆ ಮಣ್ಣು ಗುದ್ದಿ ಮುಚ್ಚುತ್ತಿದ್ದರು. ಗಾಳಿ ಆಡದಿದ್ದರೆ ಹುಳ ಹತ್ತುವುದಿಲ್ಲ. ಮೂರು ವರ್ಷ ಇಟ್ಟರೂ ಜೋಳ ಜೋಳವೇ. ಅದಕ್ಕೆ ಇದ್ದ ಭಯ ಒಂದೇ, ನೀರು.

ಹಿಂದಿನ ವರ್ಷ ಅವ್ವನ ತವರು ನಿಡೋಣಿಯಿಂದ ಬಿಳಿಜೋಳ ಬಂಡಿಯಲ್ಲಿ ಬಂದಿತ್ತು. ಎರೆಹೊಲದ ಹಿಂಗಾರಿ ಜೋಳ, ಮುತ್ತಿನ ಹಾಗೆ. ಅವ್ವ ಸದ್ಯದ ಊಟಕ್ಕೆ ಬೇಕಾದಷ್ಟನ್ನು ಅಟ್ಟದ ಮೇಲೆ ಚೀಲದಲ್ಲಿಟ್ಟು, ಉಳಿದದ್ದನ್ನು ತಾನೇ ನಿಂತು ಹಗೇವಿಗೆ ತುಂಬಿಸಿದ್ದಳು. ಅವ್ವ, ನಾನು, ನನ್ನ ಹೆಂಡತಿ, ಎರಡು ಕೂಸುಗಳು. ಎರಡು ವರ್ಷದ ರೊಟ್ಟಿ ಆ ನೆಲದೊಳಗಿತ್ತು. ಊರಲ್ಲಿ ಕಾಳಿಗೆ ಕಂಟ್ರೋಲ್ ಬಂದಿತ್ತು. ಎಲ್ಲಿ ನೋಡಿದರೂ ಚೀಟಿ, ಪಾಳಿ. ಅವ್ವ ಮಾತ್ರ ರೊಟ್ಟಿ ಬಡಿಯುವಾಗ ಸದ್ದು ಜೋರಾಗಿಯೇ ಮಾಡುತ್ತಿದ್ದಳು.

ನಾನು ನೀರಿನ ಖಾತೆಯ ಕಚೇರಿಯಲ್ಲಿ ಕಾರಕೂನ. ಸಾಹೇಬರು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ತೆಗೆಯುವುದು, ಕನ್ನಡದಲ್ಲಿ ಬಂದದ್ದನ್ನು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ನಮ್ಮ ಪೇಟೆಗೆ ನಳ ಹಾಕುವಾಗ ಕೆಲಸವನ್ನು ಇಬ್ಬರು ಗುತ್ತಿಗೆದಾರರಿಗೆ ಹಂಚಿದ್ದರು. ಒಬ್ಬರು ತಿಕೋಟಾದವರು, ಒಬ್ಬರು ಬಬಲೇಶ್ವರದವರು. ಇಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ಕರಾರು ಪತ್ರವನ್ನು ನಾನು ನೇರವಾಗಿ ಕನ್ನಡದಲ್ಲೇ ಬರೆದುಕೊಟ್ಟೆ, ಅದಕ್ಕೆ ಇಂಗ್ಲಿಷ್ ಪ್ರತಿ ಇರಲಿಲ್ಲ. ತಿಕೋಟಾದವರ ಪತ್ರದಲ್ಲಿ 'ಕೆರೆಯಿಂದ ಅಗಸಿ ತನಕ' ಅಂತ ಬರೆದೆ. ಬಬಲೇಶ್ವರದವರ ಪತ್ರದಲ್ಲಿ 'ಅಗಸಿಯಿಂದ ಓಣಿಯ ಕಡೇ ಮನೆಗೆ' ಅಂತ ಬರೆದೆ. ತಾವು ಹಾಕಿದ ನಳ ಐದು ವರ್ಷದೊಳಗೆ ಸೋರಿದರೆ ತಾವೇ ದುರಸ್ತಿ ಮಾಡಿಕೊಡತಕ್ಕದ್ದು ಅಂತ ಇಬ್ಬರಿಗೂ ಒಂದೇ ಕಲಮು. ಓದಿ ಹೇಳಿದೆ. ಇಬ್ಬರೂ ತಲೆಯಾಡಿಸಿ ಸಹಿ ಹಾಕಿದರು. ಒಂದು ಊಟದ ಹೊತ್ತಿನೊಳಗೆ ಮುಗಿಸಿದ ಕೆಲಸ ಅದು.

ಅಗಸಿಯಲ್ಲಿ ಹುಲ್ಲು ಕಂಡ ದಿನವೇ ಕಚೇರಿಯಲ್ಲಿ ಸೋರಿಕೆಯ ವರದಿ ಬರೆದಿಟ್ಟೆ. ತಿಕೋಟಾದವರಿಗೆ ಹೇಳಿ ಕಳಿಸಿದರು. ಅವರು ಮರುದಿನ ಟಾಂಗಾದಲ್ಲಿ ಬಂದರು. ದೊಡ್ಡ ರುಮಾಲಿನ, ಕೈಯಲ್ಲಿ ಬೆತ್ತದ, ಮಾತಿಗೆ ಮೊದಲು ನಗುವ ಮನುಷ್ಯ. ಅಗಸಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ನೀರು ಕುಡಿದರು. ಆಮೇಲೆ ಹೊರಗಿನ ಕಲ್ಲಿಗೆ ಬೆತ್ತ ಬಡಿದು, "ನಂದು ಇಲ್ಲಿಗೆ ಮುಗೀತ ನೋಡ್ರಿ ಕಾರಕೂನರ. ನಿಮ್ಮ ಕಾಗದಾನ ಹೇಳ್ತೈತಿ, ಅಗಸಿ ತನಕ," ಅಂದರು.

ಮೂರು ದಿನ ಬಿಟ್ಟು ಬಬಲೇಶ್ವರದವರು ಸೈಕಲ್ ಮೇಲೆ ಬಂದರು. ಸಣ್ಣ ಮೈಯವರು, ಕನ್ನಡಕ, ನಿಧಾನ ಮಾತು. ಅವರು ಒಳಗಿನ ಕಟ್ಟೆಯ ಮೇಲೆ ಕುಳಿತರು. ಅವ್ವ ಮಜ್ಜಿಗೆ ಕೊಟ್ಟಳು. ಕುಡಿದು, ಮೀಸೆ ಒರೆಸಿಕೊಂಡು, "ಯವ್ವಾ, ನಂದು ಇಲ್ಲಿಂದ ಸುರು ಆಗತೈತ್ರಿ. ಅಗಸಿ ದಾಟಿದ ಮ್ಯಾಲ," ಅಂದರು.

ನಳ ಕೂಡಿಸುವ ಮಿಸ್ತ್ರಿ ಒಬ್ಬರಿದ್ದರು, ಪಕ್ಕದ ಓಣಿಯ ಮುಸಲ್ಮಾನ ಗೃಹಸ್ಥರು. ಇಬ್ಬರು ಗುತ್ತಿಗೆದಾರರಿಗೂ ಕೆಲಸ ಮಾಡಿದವರು ಅವರೇ. ಬೆಳಿಗ್ಗೆ ನೀರು ಬಿಟ್ಟ ಹೊತ್ತಿಗೆ ಅವರು ಬಂದು, ನೆಲಕ್ಕೆ ಕಿವಿ ಹಚ್ಚಿ, ಅಗಸಿಯ ಈ ತುದಿಯಿಂದ ಆ ತುದಿಗೆ ಹಾಸುಗಲ್ಲಿನ ಮೇಲೆ ಮೊಣಕಾಲೂರಿ ಸರಿಯುತ್ತ ಹೋದರು. ನಟ್ಟನಡುವೆ ನಿಂತರು.

"ಇಲ್ಲೇ ಐತ್ರಿ. ಜೋಡಣಿ ಬಿಟ್ಟೈತಿ. ಕಿವಿ ಹಚ್ಚಿ ಕೇಳ್ರಿ, ಹಾಲ ಉಕ್ಕಿಧಂಗ ಸಪ್ಪಳ ಆಗಾಕತ್ತೈತಿ."

"ಈ ಜೋಡಣಿ ಹಾಕಿದಾಗ ನೀವು ಯಾರ ಕೆಲಸದಾಗಿದ್ರಿ?" ಅಂತ ಕೇಳಿದೆ.

ಮಿಸ್ತ್ರಿ ಗಡ್ಡ ಕೆರೆದುಕೊಂಡರು. "ನೆನಪಿಲ್ರಿ. ಆ ಕಡೆಯಿಂದ ಕೂಡಸ್ತ ಬಂದೆ, ಈ ಕಡೆ ಕೂಡಸ್ತ ಹೋದೆ. ನಳಕ್ಕ ನಡುವ ಹೊಲಿಗಿ ಹಾಕಿರಲಿಲ್ಲ."

ಗುತ್ತಿಗೆದಾರರು ಇಬ್ಬರೂ ಕೆಟ್ಟವರಲ್ಲ. ಇದನ್ನು ನಾನು ಹೇಳಲೇಬೇಕು. ತಿಕೋಟಾದವರು ಬಂದಾಗಲೆಲ್ಲ ನಮ್ಮ ಕೂಸುಗಳಿಗೆ ಬೆಲ್ಲದುಂಡಿ ತರುತ್ತಿದ್ದರು. ಬಬಲೇಶ್ವರದವರು ಅವ್ವನ ಮೊಣಕಾಲು ನೋವಿಗೆ ಎಣ್ಣೆ ತಂದುಕೊಟ್ಟಿದ್ದರು. ಆದರೆ ಜೋಡಣೆ ಬಿಚ್ಚಿ ಕೂಡಿಸಬೇಕಾದರೆ ಸಂದಿಗೆ ಸಣಬು ತುರುಕಿ ಕರಗಿಸಿ ಸುರಿಯಲು ಸೀಸ ಬೇಕು. ಸೀಸವೆಲ್ಲ ಯುದ್ಧಕ್ಕೆ ಹೋಗಿತ್ತು. ಪೇಟೆಯಲ್ಲಿ ಒಂದು ಉಂಡೆ ಸಿಗುತ್ತಿರಲಿಲ್ಲ. ಇಬ್ಬರ ಬಳಿಯೂ ಇದ್ದದ್ದು ಚೂರುಪಾರು. ಒಂದು ಸಲ 'ಇದು ನಂದು' ಅಂದರೆ, ಮುಂದೆ ಆ ಎರಡು ಮಾರಿನಲ್ಲಿ ಏನೇ ಆದರೂ ತನ್ನ ತಲೆಗೇ ಬರುತ್ತದೆ ಅನ್ನುವ ಹೆದರಿಕೆ ಇಬ್ಬರಿಗೂ ಇತ್ತು.

ಓಣಿಯವರಿಗೆ ಮೊದಮೊದಲು ಇದು ನಗೆಚಾಟಿಕೆ. ಎದುರುಮನೆಯ ಮುದುಕಿ ನಾನು ಕಚೇರಿಗೆ ಹೊರಟಾಗೆಲ್ಲ ಕೂಗುತ್ತಿದ್ದಳು:

"ಏ ಕಾರಕೂನಾ, ನಿನ್ನ ಅಗಸ್ಯಾಗ ಗಂಗಿ ಹುಟ್ಯಾಳೋ! ಕಾಶಿಗೆ ಹೋಗೂದ ಉಳೀತು ನಂದು!"

ಅವ್ವ ನಗಲಿಲ್ಲ. ಅಟ್ಟದ ಮೇಲಿದ್ದ ಉದ್ದನೆಯ ಕಬ್ಬಿಣದ ಸಲಾಕೆ ಇಳಿಸಿಕೊಂಡಳು. ದಿನಾ ಬೆಳಿಗ್ಗೆ, ಕಸ ಹೊಡೆದ ಮೇಲೆ, ಅಗಸಿಯಿಂದ ಹಗೇವಿನ ಕಡೆಗೆ ಆರನೇ ಹೆಜ್ಜೆಯಲ್ಲಿ, ಗರಸು ನೆಲಕ್ಕೆ ಅದನ್ನು ಹೊಡೆದು ಇಳಿಸುತ್ತಿದ್ದಳು. ಮೇಲೆ ಎಳೆದು ತುದಿಯನ್ನು ಮೂಸುತ್ತಿದ್ದಳು. ಎಂಟು ದಿನ ಬರೇ ಮಣ್ಣಿನ ವಾಸನೆ. ಒಂಬತ್ತನೇ ದಿನ ಸಲಾಕೆಯನ್ನು ನನ್ನ ಮೂಗಿಗೆ ಹಿಡಿದಳು. "ಹಸಿ ಏರೈತಿ. ಆರು ಹೆಜ್ಜಿ ಬಂದೈತಿ. ಹಗೇವಿಗೆ ಇನ್ನ ನಾಲ್ಕ ಉಳದಾವು."

ಕಡೆಗೆ ಸಾಹೇಬರೇ ಸ್ಥಳಕ್ಕೆ ಬಂದು ಪಂಚನಾಮೆ ಮಾಡುವುದು ಅಂತ ಆಯಿತು. ನಮ್ಮ ಮನೆಯಿಂದಲೇ ಎರಡು ಕುರ್ಚಿ, ಎದುರುಮನೆಯಿಂದ ಒಂದು ಸ್ಟೂಲು ಹೋದವು. ಸಾಹೇಬರು ಅಗಸಿಯ ನಡುವೆ ಕುಳಿತರು. ನಾನು ಸ್ಟೂಲಿನ ಮೇಲೆ ಬರೆಯಲಿಕ್ಕೆ. ಓಣಿಯವರೆಲ್ಲ ಗೋಡೆಗೆ ಹತ್ತಿ ನಿಂತರು. ಹೊರಗಿನ ಕಟ್ಟೆಗೆ ತಿಕೋಟಾ, ಒಳಗಿನ ಕಟ್ಟೆಗೆ ಬಬಲೇಶ್ವರ. ಇಬ್ಬರೂ ಕರಾರಿನ ಕಾಗದ ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡಿದ್ದರು. ಎರಡರಲ್ಲೂ ನನ್ನದೇ ಅಕ್ಷರ.

ತಿಕೋಟಾದವರು ಸುರು ಮಾಡಿದರು. "ಸಾಹೇಬ್ರ, ನಾ ನಿಮ್ಮ ಮನಿ ತನಕ ಬಂದಿದ್ದೆ ಅಂದ್ರ, ನಿಮ್ಮ ಅಡಗಿಮನ್ಯಾಗ ಬಂದ ಕುಂತಿದ್ದೆ ಅಂತ ಅರ್ಥ ಏನ್ರಿ? ಬಾಗಲಾ ಮುಟ್ಟಿ ಹೊಳ್ಳಿದೆ ಅಂತ ಅರ್ಥ."

ಬಬಲೇಶ್ವರದವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಹಂಗಿದ್ರ ಕಾಖಂಡಕಿ ತನಕ ಅಂತ ಮೋಟಾರಿನ ಟಿಕೀಟ ತಗದಾವ್ನ ಊರ ಹೊರಗ ಹಳ್ಳದ ದಂಡ್ಯಾಗ ಇಳಸ್ತಾರೇನ್ರಿ? ಊರಾಗ ತಂದ ಇಳಸ್ತಾರ."

"ನಿಮ್ಮದು ಏನೈತಿ ಕಾಗದದಾಗ? ಅಗಸಿಯಿಂದ. ಅಗಸಿಯಿಂದ ಅಂದ್ರ ಅಗಸೀನೂ ಬಂತಲ್ಲ ಅದರಾಗ!"

"ನಾ ಇವತ್ತ ಬಬಲೇಶ್ವರದಿಂದ ಬಂದೀನಿ. ಬಬಲೇಶ್ವರ ಬಿಟ್ಟ ಬಂದೀನ್ರಿ. ಊರ ಹೊತಗೊಂಡ ಬಂದಿಲ್ಲ."

ಓಣಿಯವರು ನಕ್ಕರು. ಸಾಹೇಬರಿಗೂ ನಗು ಬಂತು, ರುಮಾಲಿನಿಂದ ಬಾಯಿ ಮುಚ್ಚಿಕೊಂಡರು. ಆಗ ನಮ್ಮ ಅವ್ವ, ಬಾಗಿಲಲ್ಲಿ ಸೆರಗು ಹೊದ್ದು ನಿಂತವಳು, ಅಲ್ಲಿಂದಲೇ ಅಂದಳು:

"ಕೊಳ್ಳ ತನಕ ನೀರ ಬಂದ್ರ ಕೊಳ್ಳ ತೊಯ್ತೈತೋ ಇಲ್ಲೋ?"

ನಗು ನಿಂತಿತು. ಬಬಲೇಶ್ವರದವರು ಮೆಲ್ಲಗೆ, "ಹಾಂ, ಯವ್ವಾ ಅಂದದ್ದ ಖರೇ," ಅಂದರು. ತಿಕೋಟಾದವರು ಬೆತ್ತವನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು. ಸಾಹೇಬರು ಬಹಳ ಮರ್ಯಾದೆಯಿಂದಲೇ ಹೇಳಿದರು. "ಅವ್ವಾರ, ನೀವು ಈ ಕರಾರಿನಾಗ ಇಲ್ರಿ. ನಿಮ್ಮ ಮಾತು ನಾ ಬರಕೊಳ್ಳಾಕ ಬರೂದಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. "ಬರದಾವ್ರು ನೀವs ಅದೀರಲ್ಲ. ಹೇಳ್ರಿ. ತನಕ ಅಂತ ಬರಿಯುವಾಗ ಏನ ತಿಳಕೊಂಡ ಬರದ್ರಿ? ಅಗಸಿ ಒಳಗ ಹಿಡದೋ, ಬಿಟ್ಟೋ?"

ನನ್ನ ಟಾಕು ಕಾಗದದ ಮೇಲೆ ನಿಂತಲ್ಲೇ ನಿಂತು ಒಂದು ದೊಡ್ಡ ಮಸಿಬಟ್ಟು ಬಿತ್ತು. ಅಗಸಿ ಹಿಡಿದೇ ಬರೆದೆ ಅಂದುಬಿಟ್ಟರೆ ಅವತ್ತೇ ತೀರುತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ತಿಕೋಟಾದವರು ಎದ್ದು ನಿಂತರು. ಸಿಟ್ಟಿನಿಂದಲ್ಲ, ಬೇಸರದಿಂದ.

"ಸಾಹೇಬ್ರ, ಕಾರಕೂನರ ಹಗೇವು ಅಲ್ಲೇ ಐತ್ರಿ, ನೋಡ್ರಿ, ಆ ಹಾಸಗಲ್ಲ. ಈಗ ಅವರ ಏನ ಹೇಳಿದ್ರೂ ಅವರ ಮಾತಲ್ಲ ಅದು. ಹಗೇವಿನ ಜೋಳ ಮಾತಾಡ್ತೈತಿ."

ಓಣಿಯೆಲ್ಲ ಹಗೇವಿನ ಕಡೆ ನೋಡಿತು. ಇನ್ನು ಏನು ಹೇಳಿದರೂ ನನ್ನ ಸ್ವಂತ ಲಾಭಕ್ಕೆ ಸರ್ಕಾರಿ ಕಾಗದದ ಅರ್ಥ ತಿರುವಿದೆ ಅಂತ ಆಗುತ್ತದೆ. "ನೆನಪಿಲ್ರಿ," ಅಂದೆ. ಸಾಹೇಬರು ಅದನ್ನೇ ಬರೆದುಕೊಳ್ಳಲು ಹೇಳಿದರು. ನನ್ನ ಕೈಯಿಂದಲೇ ಬರೆದೆ, 'ಬರೆದವರಿಗೆ ನೆನಪಿಲ್ಲ'. ಅವ್ವ ಬಾಗಿಲಿನಿಂದ ಒಳಗೆ ಹೋದಳು.

ಸೋರುವ ಜಾಗದ ಸುತ್ತ ಸುಣ್ಣದ ಗೆರೆ ಎಳೆದರು. ತೀರ್ಮಾನ ಆಗುವವರೆಗೆ ಯಾರೂ ಅದನ್ನು ಅಗೆಯಕೂಡದು, ಮುಟ್ಟಕೂಡದು. ಮುಟ್ಟಿದರೆ ಸಾಕ್ಷಿ ಕೆಡುತ್ತದೆ. 'ತನಕ' ಅಂದರೆ ಅಗಸಿ ಹಿಡಿದೋ ಬಿಟ್ಟೋ ಅಂತ ಕೇಳಲಿಕ್ಕೆ ಮೇಲಿನ ಕಚೇರಿಗೆ ಕಾಗದ ಹೋಯಿತು. 'ತನಕ' ಅನ್ನುವುದಕ್ಕೆ ಇಂಗ್ಲಿಷಿನ ಮಾತು ಹಾಕಿ ಬರೆದವನೂ ನಾನೇ. ಬರೆದು ಎರಡು ಸಲ ಓದಿದೆ. ಇಂಗ್ಲಿಷಿನಲ್ಲೂ ಅಗಸಿ ಒಳಗೋ ಹೊರಗೋ ತಿಳಿಯುವ ಹಾಗಿರಲಿಲ್ಲ.

ಎರಡು ದಿನಕ್ಕೆ ಮಿಸ್ತ್ರಿ ಸಂಜೆ ನಾನು ಕಚೇರಿಯಿಂದ ಬರುವ ದಾರಿಯಲ್ಲಿ ನಿಂತಿದ್ದರು. ಜೊತೆಗೇ ನಡೆಯುತ್ತ ಬಂದರು.

"ಕಾರಕೂನರ, ನಮ್ಮ ಮನ್ಯಾಗ ಒಂದ ತುಣುಕ ಸೀಸ ಐತಿ, ಹಳೇದು. ಸಣಬು ಐತಿ. ನಾಳೆ ನೀರ ನಿಂತ ಮ್ಯಾಲ ಬಂದ್ರ ಊಟದ ಹೊತ್ತಿಗೆ ಮುಗಸ್ತೀನಿ. ಯಾರಿಗೂ ಏನೂ ಕೇಳೂದಿಲ್ಲ ನಾ. ಅವ್ವಾರ ಸಲಾಕಿ ಹಿಡಕೊಂಡ ನಿಂತದ್ದ ನೋಡಾಕ ಆಗವಲ್ದು."

"ಸುಣ್ಣದ ಗೆರಿ ಹಾಕ್ಯಾರಲ್ರಿ."

"ಗೆರಿ ಮತ್ತ ಎಳದ ಬಿಡ್ತೀನಿ, ಸುಣ್ಣಾನೂ ಐತಿ ನನ್ನ ಕಡೆ."

"ಬ್ಯಾಡ್ರಿ. ನೀವು ಮುಟ್ಟಿದ್ರಿ ಅಂತ ಗೊತ್ತಾದ್ರ ನಾನs ಮಾಡ್ಸಿದೆ ಅಂತಾರ."

ಮಿಸ್ತ್ರಿ ನಿಂತರು. "ಏನ ಕಾಲ ಬಂತ್ರಿ. ಮುಟ್ಟಿದಾವ್ನs ಮಾಲಕ ಆಗಾಕತ್ತಾನ," ಅಂದು ತಮ್ಮ ಓಣಿಯ ಕಡೆ ಹೊರಳಿದರು. ಅವರಿಗೆ ನಾನು ಒಳಗೆ ಬರ್ರಿ, ಚಹಾ ಕುಡೀರಿ ಅಂತ ಕೂಡ ಅನ್ನಲಿಲ್ಲ. ಯಾರಾದರೂ ನೋಡಿದರೆ ಅಂತ.

ಹಾಗಿದ್ದರೆ ಹಗೇವನ್ನೇ ತೆಗೆದು ಜೋಳ ಹೊರಗೆ ಹಾಕಬಹುದಿತ್ತಲ್ಲ ಅಂತ ಓದುವವರು ಕೇಳಬಹುದು. ಆ ವರ್ಷ ಊರಿನ ಹಗೇವುಗಳನ್ನೆಲ್ಲ ಬರೆದುಕೊಂಡು ಹೋಗಿದ್ದರು. ಬಾಯಿ ತೆಗೆಯಬೇಕಾದರೆ ಕಂಟ್ರೋಲ್ ಕಚೇರಿಯ ಚೀಟಿ ಬೇಕಿತ್ತು. ನಾನು ಅರ್ಜಿ ಕೊಟ್ಟೆ. ಅಲ್ಲಿಯ ಗುಮಾಸ್ತ ಓದಿ, "ನಳ ಸೋರಾಕತ್ತೈತಿ ಅಂತ ನಿಮ್ಮ ಖಾತೆಯಿಂದ ದಾಖಲೆ ತರ್ರಿ," ಅಂದ. ನಮ್ಮ ಕಚೇರಿಗೆ ಬಂದು ನಾನೇ ದಾಖಲೆ ಬರೆದು ಸಾಹೇಬರ ಮುಂದೆ ಇಟ್ಟೆ. ಸಾಹೇಬರು 'ಅಗಸಿಯಲ್ಲಿ' ಅನ್ನುವ ಮಾತಿನ ಕೆಳಗೆ ಬೆರಳಿಟ್ಟರು.

"ಅಗಸಿಯಲ್ಲಿ ಅಂತ ನಾ ಸಹಿ ಮಾಡಿದ್ರ ನಾಳೆ ಇಬ್ರೂ ಇದನ್ನs ಹಿಡಕೊಂಡ ಬರ್ತಾರ. ಪ್ರಕರಣ ಮ್ಯಾಲ ಐತಿ. ಜಾಗ ಹೆಸರಿಸಬ್ಯಾಡ್ರಿ."

ಜಾಗದ ಹೆಸರಿಲ್ಲದೆ ಬರೆದೆ. ಸಹಿ ಆಯಿತು. ಅದನ್ನು ತೆಗೆದುಕೊಂಡು ಕಂಟ್ರೋಲ್ ಕಚೇರಿಗೆ ಹೋದೆ.

"ಎಲ್ಲಿ ಸೋರಾಕತ್ತೈತಿ ಅಂತ ಇಲ್ಲೇ ಇಲ್ಲಲ್ರಿ," ಅಂದ ಗುಮಾಸ್ತ. "ಜೋರಾಪುರ ಪೇಟ್ಯಾಗೋ, ಜಪಾನದಾಗೋ?"

ಹೀಗೆ ನಾಲ್ಕು ಸಲ ಹೋಗಿ ಬಂದೆ. ಬಿಸಿಲಲ್ಲಿ ನಡೆದು ನನ್ನ ಚಪ್ಪಲಿಯ ಉಂಗುಷ್ಟ ಕಿತ್ತಿತು, ಅದನ್ನು ಹೊಲಿಸಿಕೊಂಡು ಐದನೇ ಸಲ ಹೋದೆ. ಆ ಗುಮಾಸ್ತ ಕೂಡ ನನ್ನ ಹಾಗೆಯೇ ಒಬ್ಬ ಕಾರಕೂನ. ಕುಳಿತುಕೊಳ್ಳಲು ಜಾಗ ಕೊಟ್ಟ, ತನ್ನ ಮನೆಯ ಸಂಗತಿ ಹೇಳಿದ, ಚೀಟಿ ಮಾತ್ರ ಕೊಡಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ.

ಅವತ್ತು ಮನೆಗೆ ಬಂದಾಗ ಅವ್ವ ಅಂಗಳದಲ್ಲಿ ಗುದ್ದಲಿ ಹಿಡಿದು ನಿಂತಿದ್ದಳು. ನನ್ನ ಹೆಂಡತಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಸೆರಗು ಹಿಡಿದಿದ್ದಳು. "ಅತ್ತಿ, ಅವರ ಬರ್ಲಿ ತಡೀರಿ."

"ಬಂದಾನಲ್ಲ, ನೋಡ," ಅಂದಳು ಅವ್ವ. "ಚೀಟಿ ತಂದಿ?"

"ಇಲ್ಲ ಬೇ."

"ಇವತ್ತ ಹಗೇವಿನ ಬಾಜೂಕ ಹೊಡದ ಸಲಾಕಿ ತುದಿ ಬೆಚ್ಚಗ ಬಂದೈತಿ. ಜೋಳ ಕುದ್ಯಾಕತ್ತಾವು ಒಳಗ. ನಾ ತಗೀತೀನಿ. ಬೇಡಿ ಹಾಕೂದಿದ್ರ ನನಗ ಹಾಕ್ಲಿ. ಮುದುಕಿ ಜೈಲಿನ್ಯಾಗ ಕುಂತ ಗಂಜಿ ಕುಡೀತೈತಿ."

ಅವಳ ಕೈಯಿಂದ ಗುದ್ದಲಿ ಕಸಿದುಕೊಳ್ಳಲಿಲ್ಲ ನಾನು. ಅಷ್ಟು ಧೈರ್ಯ ನನಗಿಲ್ಲ. ಬರೇ ಒಂದು ಮಾತು ಅಂದೆ. "ಹಗೇವು ನನ್ನ ಹೆಸರಿಲೆ ಬರಕೊಂಡಾರ ಯವ್ವಾ. ನೌಕರಿ ಹೋಗ್ತೈತಿ."

ಅವ್ವ ಗುದ್ದಲಿಯನ್ನು ಗೋಡೆಗೆ ಆನಿಸಿಟ್ಟು, ಕೈ ತೊಳೆದುಕೊಂಡು, ಒಲೆಯ ಮುಂದೆ ಹೋಗಿ ಕುಳಿತಳು. ಮರುದಿನದಿಂದ ಸಲಾಕೆ ಹೊಡೆಯುವುದನ್ನು ಬಿಟ್ಟಳು. ಅಂಗಳ ಕಸ ಹೊಡೆಯುವಾಗ ಆ ಹತ್ತು ಹೆಜ್ಜೆಯನ್ನು ನನ್ನ ಹೆಂಡತಿಗೆ ಬಿಟ್ಟು ಉಳಿದದ್ದನ್ನು ತಾನು ಹೊಡೆಯುತ್ತಿದ್ದಳು.

ಮೇಲಿನ ಕಚೇರಿಯ ಉತ್ತರ ಬಂದಾಗ ಮಳೆಗಾಲ ಹಿಡಿದಿತ್ತು. ಲಕೋಟೆ ಒಡೆದವನು ನಾನು. ಈ ಮಾತಿನ ಅರ್ಥ ಸ್ಥಳೀಯ ಭಾಷೆಗೆ ಸಂಬಂಧಿಸಿದ್ದು, ಆದ್ದರಿಂದ ಅದನ್ನು ಬರೆದ ಕಾರಕೂನನಿಂದಲೇ ವಿವರಣೆ ಪಡೆದು ತೀರ್ಮಾನಿಸುವುದು ಅಂತ ಅದರಲ್ಲಿತ್ತು. ಸಾಹೇಬರು ಓದಿ ಕಾಗದವನ್ನು ನನ್ನ ಕಡೆಗೇ ಸರಿಸಿದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ಏನ ಬರೀತೀರಿ?"

"ನೆನಪಿಲ್ಲ ಅಂತ ಪಂಚನಾಮ್ಯಾಗ ಐತಲ್ರಿ. ಈಗ ನೆನಪಾತು ಅಂತ ಹೆಂಗ ಬರೀಲಿ?"

"ಅದೂ ಖರೇ," ಅಂದರು.

ಚೀಟಿ ಸಿಕ್ಕದ್ದು ಕಾಗದದಿಂದಲ್ಲ. ಶ್ರಾವಣದಲ್ಲಿ ಆ ಕಂಟ್ರೋಲ್ ಗುಮಾಸ್ತ ಬೇರೆ ಯಾವುದೋ ಕೆಲಸಕ್ಕೆ ನಮ್ಮ ಓಣಿಗೆ ಬಂದ. ಅಗಸಿಯೊಳಗೆ ಕಾಲಿಟ್ಟವನು ಧೋತರದ ಚುಂಗು ಮೂಗಿಗೆ ಹಿಡಿದು ನಿಂತ. ಹುಳಿ ಹುಳಿ, ಬಿಸಿ ಬಿಸಿ ವಾಸನೆ. ನಮಗೆ ರೂಢಿಯಾಗಿ ಹೋಗಿತ್ತು. ಅವನು ಹಗೇವಿನ ಕಲ್ಲಿನ ಹತ್ತಿರ ಹೋಗಿ ನೋಡಿ, ನನ್ನನ್ನು ನೋಡಿ, ಹೊರಟುಹೋದ. ಮರುದಿನ ಚೀಟಿ ತಾನೇ ತಂದುಕೊಟ್ಟ. ಕಾರಣ ಬರೆಯುವ ಜಾಗದಲ್ಲಿ 'ದುರ್ವಾಸನೆ' ಅಂತ ಬರೆದಿತ್ತು.

ಬಾಯಿ ತೆಗೆದದ್ದು ಒಂದು ಮಧ್ಯಾಹ್ನ. ಅವ್ವ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಳು, ತುಂಬಿದ ಹಗೇವಿಗೆ ಮಾಡುವ ಹಾಗೆಯೇ. ಮಿಸ್ತ್ರಿ ಕರೆಯದೆ ಬಂದಿದ್ದರು. ಕಲ್ಲು ಸರಿಸಿದಾಗ ಬಂದ ಉಗಿಗೆ ಎಲ್ಲರೂ ಹಿಂದೆ ಸರಿದೆವು. ಕಂದೀಲು ಕಟ್ಟಿ ಒಳಗೆ ಇಳಿಸಿದರು, ಬಾಯಿ ದಾಟುತ್ತಲೇ ಆರಿತು. ಒಳಗಿನ ಗಾಳಿ ಕೆಟ್ಟಿತ್ತು. ಮರುದಿನದ ತನಕ ಹಾಗೇ ಬಿಟ್ಟು, ಕಂದೀಲು ಉರಿಯುವುದನ್ನು ನೋಡಿ ಮಿಸ್ತ್ರಿಯೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಬುಟ್ಟಿಯಲ್ಲಿ ಮೊದಲು ಬಂದದ್ದು ಕರಿ ಹೆಂಟೆ. ಜೋಳ ಒಂದಕ್ಕೊಂದು ಅಂಟಿ, ಮೊಳಕೆಯೊಡೆದು, ಕೊಳೆತು, ಹೆಂಟೆಯಾಗಿತ್ತು. ಅಗಸಿಯ ಕಡೆಯ ಅರ್ಧ ಪೂರ್ತಿ ಹಾಗೆ. ನಡುವಿನದು ಕೆಂಪಗಾಗಿ ಬಿಸಿ ಇತ್ತು. ಮನೆ ಕಡೆಯ ಗೋಡೆಗೆ ಹತ್ತಿದ ಒಂದಿಷ್ಟು ಮಾತ್ರ ಕಾಳು ಕಾಳಾಗಿ ಬಂತು, ಅದಕ್ಕೂ ಮುಗ್ಗಲು ವಾಸನೆ. ಹೆಂಟೆಯನ್ನು ಎದುರುಮನೆಯ ಎಮ್ಮೆಯ ಮುಂದೆ ಹಾಕಿದೆವು. ಎಮ್ಮೆ ಮೂಸಿ ಮುಖ ತಿರುಗಿಸಿತು. ಕಾಶಿಯ ಮಾತಾಡಿದ್ದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅವ್ವ ಮಾಳಿಗೆಯ ಮೇಲೆ ಉಳಿದ ಜೋಳ ಹರವಿ, ದಿನಗಟ್ಟಲೆ ಕುಳಿತು ಒಂದೊಂದೇ ಕಾಳು ಆರಿಸಿದಳು. ಒಂದು ದಿನ ನಾನು ಬುಟ್ಟಿ ಎತ್ತಿಕೊಂಡು ಮೇಲೆ ಹೋದಾಗ ತಲೆ ಎತ್ತದೆ ಕೇಳಿದಳು. "ಯಪ್ಪಾ, ಖರೇ ಹೇಳ. ಬರಿಯುವಾಗ ಏನ ಅನಕೊಂಡಿದ್ದಿ?"

"ಏನೂ ಅನಕೊಂಡಿರಲಿಲ್ಲ ಬೇ. ಕೈಗೆ ಬಂದ ಮಾತ ಬರದೆ."

"ಹಂಗs ಹೇಳಬೇಕಿತ್ತಲ್ಲೋ ಅವತ್ತ. ಸಾಹೇಬಾ ತನ್ನ ಬುದ್ಧಿಲೆ ಏನಾರ ಒಂದ ಕಡದ ಹಾಕತಿದ್ದ."

ನಾನು ಬುಟ್ಟಿ ಇಳಿಸಿ ಅವಳ ಎದುರಿಗೆ ಕುಳಿತು ಕಾಳು ಆರಿಸತೊಡಗಿದೆ. ನನಗೆ ಆ ಉತ್ತರ ಹೊಳೆದೇ ಇರಲಿಲ್ಲ. ಹೊಳೆದಿದ್ದರೂ, ಕಾರಕೂನ ಆದವನು ಏನೂ ಅಂದುಕೊಳ್ಳದೆ ಕರಾರು ಬರೆದೆ ಅಂತ ಓಣಿಯವರ ಮುಂದೆ ಹೇಳುತ್ತಿದ್ದೆನೋ ಇಲ್ಲವೋ.

ನಳ ಮುಂದೆ ಮೂರು ವರ್ಷ ಹಾಗೇ ಸೋರಿತು. ಐದು ವರ್ಷದ ಅವಧಿ ತೀರಿ ಇಬ್ಬರ ಹೊಣೆಯೂ ಮುಗಿದ ಮೇಲೆ ಖಾತೆಯವರೇ ಮಿಸ್ತ್ರಿಯನ್ನು ಕರೆಸಿ ಕೂಡಿಸಿದರು. ಊಟದ ಹೊತ್ತಿಗೆ ಮುಗಿಯಿತು.

ಆರಿಸಿದ ಜೋಳದ ರೊಟ್ಟಿ ನಾವು ದಸರೆಯವರೆಗೆ ತಿಂದೆವು. ವಾಸನೆ ಹೋಗಲಿ ಅಂತ ನನ್ನ ಹೆಂಡತಿ ಹಿಟ್ಟಿಗೆ ಅಜವಾನ ಹಾಕುತ್ತಿದ್ದಳು. ಕೂಸುಗಳು ಆದರೂ ಉಗುಳುತ್ತಿದ್ದವು. ಆಮೇಲೆ ಕಂಟ್ರೋಲ್ ಅಂಗಡಿ. ಮೊದಲ ಸಲ ನಾನು ಚೀಲ ಹಿಡಿದು ಹೊರಟಾಗ ಅವ್ವ ಚಪ್ಪಲಿ ಮೆಟ್ಟಿ ಜೊತೆಗೆ ಬಂದಳು. ಪಾಳಿಯಲ್ಲಿ ಎರಡು ತಾಸು ನಿಂತೆವು. ಅವಳಿಗೆ ಯಾರೋ ಕಲ್ಲಿನ ಮೇಲೆ ಜಾಗ ಬಿಟ್ಟುಕೊಟ್ಟರು, ಕುಳಿತುಕೊಳ್ಳಲಿಲ್ಲ. ನಮ್ಮ ಸರದಿ ಬಂತು. ಅಂಗಡಿಯವನು ತಕ್ಕಡಿಗೆ ಕೆಂಪು ಜೋಳ ಸುರಿದ.

"ಇವು ಯಾ ಊರ ಜೋಳರೀ?" ಅಂತ ಕೇಳಿದಳು ಅವ್ವ.

"ಊರ ಯಾವುದೋ ಯಾರಿಗ ಗೊತ್ತ ಯವ್ವಾ. ಹಡಗದಾಗ ಬಂದಾವು. ಚೀಲಾ ಹಿಡೀರಿ ಲಗೂನ, ಹಿಂದ ಮಂದಿ ನಿಂತೈತಿ."

ಅವ್ವ ಒಂದು ಹಿಡಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಮತ್ತೊಮ್ಮೆ ಮೂಸಿದಳು. ನನ್ನ ಕಡೆ ತಿರುಗಿ, ಕೂಸುಗಳು ಏನಾದರೂ ತಿಳಿಯದಿದ್ದಾಗ ಕೇಳುವ ಹಾಗೆ, "ಇವಕ್ಕ ವಾಸನೀನs ಇಲ್ಲಲ್ಲೋ ಯಪ್ಪಾ," ಅಂದಳು. ಹಿಂದಿನವರು ದಬ್ಬಿದರು. ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ.